ಮ್ಯೂಸಿಯಂನ ಪುಟ್ಟ ಸ್ಟೀಮ್ ಇಂಜಿನ್ ಓಡಿಸುವುದು, ನೋಡಲು ಬಂದವರನ್ನು ನಿಭಾಯಿಸುವುದು: ಸಮಗ್ರ ಮಾರ್ಗದರ್ಶಿ

ಬೋರ್ಡ್‌ನಲ್ಲಿ "ಮೊದಲ ಟ್ರಿಪ್ 10 ಗಂಟೆಗೆ" ಎಂದು ಬರೆದಿರುತ್ತದೆ. 10 ಗಂಟೆಗೆ ಪ್ರೆಷರ್ ಗೇಜ್‌ನ ಮುಳ್ಳು (ಚದರ ಇಂಚಿಗೆ) 40 ಪೌಂಡ್‌ನಲ್ಲೇ ಇರುತ್ತದೆ. ಪ್ಲಾಟ್‌ಫಾರ್ಮ್ ತುಂಬಿದೆ, ಮಕ್ಕಳು ರಚ್ಚೆ ಹಿಡಿದಿದ್ದಾರೆ, ಟಿಕೆಟ್ ಕೌಂಟರ್‌ನಿಂದ ಯಾರೋ ಓಡಿ ಬಂದು "ಇನ್ನೂ ಎಷ್ಟೊತ್ತು?" ಎಂದು ಕೇಳುತ್ತಾರೆ. ಇಂಜಿನ್‌ನ ಬೆಂಕಿ ನೋಡಿಕೊಳ್ಳುವ ಫೈರ್‌ಮ್ಯಾನ್ ಗಾಬರಿಯಾಗಿ ಕಲ್ಲಿದ್ದಲು ಸುರಿಯುತ್ತಾರೆ, ಬೆಂಕಿ ಇನ್ನಷ್ಟು ಮಂಕಾಗುತ್ತದೆ. ಅರ್ಧ ಒತ್ತಡದಲ್ಲೇ ಹೊರಟ ಇಂಜಿನ್ ಏರಿನ ಮಧ್ಯೆ ನಿಲ್ಲುತ್ತದೆ.

ಸ್ಟೀಮ್ ದಿನಗಳು ಹೆಚ್ಚಾಗಿ ಕೆಡುವುದು ಹೀಗೇ. ಇಂಜಿನ್‌ನಲ್ಲಿ ದೋಷವಿದ್ದು ಅಲ್ಲ, ಕೆಲಸದ ಕ್ರಮ ತಲೆಕೆಳಗಾಗಿ. ಮೊದಲು ಜನರಿಗೆ ಸಮಯ ಹೇಳಿಬಿಡುತ್ತಾರೆ, ಆಮೇಲೆ ಬಾಯ್ಲರ್ ಆ ಸಮಯಕ್ಕೆ ಸಿದ್ಧವಾಗಲಿ ಎಂದು ಬಯಸುತ್ತಾರೆ. ಬಾಯ್ಲರ್‌ನ ಗಡಿಯಾರ ಮೊದಲು, ಬೋರ್ಡ್‌ನ ಗಡಿಯಾರ ಆಮೇಲೆ. ಕೆಳಗಿನ ಎಲ್ಲ ಹಂತಗಳೂ ಇದೇ ಲೆಕ್ಕದಲ್ಲಿವೆ.

ಇಲ್ಲಿ ಮಾತು 2 ಅಡಿ ಗೇಜಿನ (ಎರಡು ಹಳಿಗಳ ನಡುವಿನ ಅಂತರ), ಕಲ್ಲಿದ್ದಲು ಸುಡುವ ಸಣ್ಣ ಟ್ಯಾಂಕ್ ಇಂಜಿನ್ (ನೀರಿನ ಟ್ಯಾಂಕನ್ನು ತನ್ನ ಮೈಮೇಲೇ ಹೊತ್ತ ಇಂಜಿನ್) ಬಗ್ಗೆ. ಡಾರ್ಜಿಲಿಂಗ್ ಸಾಲಿನ ಬಿ ಕ್ಲಾಸ್ ಇಂಜಿನ್ ನೋಡಿದವರಿಗೆ ಗಾತ್ರದ ಅಂದಾಜು ಸಿಗುತ್ತದೆ. ಇದನ್ನು ಓದಿಕೊಂಡು ಯಾರೂ ಒಬ್ಬರೇ ಬೆಂಕಿ ಹಚ್ಚಬಾರದು. ತರಬೇತಿ ಪಡೆದ ಡ್ರೈವರ್ ಪಕ್ಕದಲ್ಲಿರಬೇಕು, ಬಾಯ್ಲರ್‌ನ ತಪಾಸಣೆ ಪ್ರಮಾಣಪತ್ರದ ಅವಧಿ ಮುಗಿದಿರಬಾರದು. ಈ ಎರಡರಲ್ಲಿ ಒಂದಿಲ್ಲದಿದ್ದರೂ ಆ ದಿನ ಇಂಜಿನ್ ತಣ್ಣಗೇ ನಿಲ್ಲಲಿ.

ಹಂತ 1: ಏನು ಕೊಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಸ್ಟೀಮ್ ದಿನಕ್ಕೆ ಒಂದು ವಾರ ಮೊದಲು ಕೂತು ಹಿಂದಿನಿಂದ ಲೆಕ್ಕ ಹಾಕಿ. ತಣ್ಣಗಿರುವ ಸಣ್ಣ ಬಾಯ್ಲರ್ ಕೆಲಸದ ಒತ್ತಡಕ್ಕೆ ಬರಲು 3ರಿಂದ 4 ಗಂಟೆ ಬೇಕು. ಎಣ್ಣೆ ಹಾಕುವುದು, ಪರೀಕ್ಷೆ, ಒಂದು ಖಾಲಿ ಟ್ರಿಪ್ ಸೇರಿ ಇನ್ನೊಂದು ಗಂಟೆ. ಬೆಳಿಗ್ಗೆ 6ಕ್ಕೆ ಬೆಂಕಿ ಹಚ್ಚಿದರೆ ಮೊದಲ ಸಾರ್ವಜನಿಕ ಟ್ರಿಪ್ 11ಕ್ಕೆ. 10ಕ್ಕೇ ಬೇಕು ಎಂದಾದರೆ ನಿಮ್ಮವರು 4:30ಕ್ಕೆ ಶೆಡ್‌ನಲ್ಲಿರಬೇಕು, 5ಕ್ಕೆ ಬೆಂಕಿ ಹೊತ್ತಿರಬೇಕು. ಅದು ಆಗುವ ಮಾತಾ ಎಂದು ಅವರನ್ನೇ ಕೇಳಿ.

ಟ್ರಿಪ್‌ಗಳ ನಡುವೆ ನೀರು ತುಂಬಲು, ಬೆಂಕಿ ಸರಿಮಾಡಲು, ಜನ ಹತ್ತಿ ಇಳಿಯಲು ಸಮಯ ಬೇಕು. 10 ನಿಮಿಷದ ಓಟಕ್ಕೆ 40 ನಿಮಿಷದ ಸುತ್ತು ಇಟ್ಟುಕೊಂಡರೆ ಆರಾಮ. ಮಧ್ಯಾಹ್ನ ಒಂದು ಗಂಟೆ ಪೂರ್ತಿ ಬಿಡುವು ಕೊಡಿ, ಊಟಕ್ಕೂ ಆಯಿತು, ಬೆಂಕಿಯ ಬೂದಿ ತೆಗೆಯಲಿಕ್ಕೂ ಆಯಿತು. 8 ಟ್ರಿಪ್ ಆಗಬಹುದು ಅನ್ನಿಸಿದರೆ 6 ಮಾತ್ರ ಘೋಷಿಸಿ. ಉಳಿದ ಎರಡು ಆದರೆ ಜನರಿಗೆ ಖುಷಿ, ಆಗದಿದ್ದರೆ ಯಾರಿಗೂ ನಷ್ಟವಿಲ್ಲ.

ಜನರಿಗೆ ಬೇಸರವಾಗುವುದು ಕಾಯುವುದರಿಂದಲ್ಲ, ಅಂದುಕೊಂಡದ್ದೇ ಬೇರೆ, ಸಿಕ್ಕಿದ್ದೇ ಬೇರೆ ಆದಾಗ. ಊಟಿಯ ಉದಾಹರಣೆ ನೋಡಿ. ಮೈಸೂರು ಕಡೆಯಿಂದ ಹೋಗುವವರು ಊಟಿಯಲ್ಲಿ ರೈಲು ಹತ್ತಿ ಕೂನೂರಿಗೆ ಇಳಿಯುತ್ತಾರೆ. ಆ ಭಾಗದಲ್ಲಿ ಸಾಮಾನ್ಯವಾಗಿ ಎಳೆಯುವುದು ಡೀಸೆಲ್ ಇಂಜಿನ್. ಸ್ಟೀಮ್ ಇರುವುದು ಕೂನೂರಿನಿಂದ ಕೆಳಗೆ, ಮೇಟುಪಾಳ್ಯಂ ಕಡೆಯ ಹಲ್ಲುಹಳಿ ಭಾಗದಲ್ಲಿ. ಇದು ಗೊತ್ತಿಲ್ಲದೆ ಹೋಗಿ "ಹೊಗೆಯೇ ಇಲ್ವಲ್ಲ" ಎಂದು ಬೇಸರಪಟ್ಟುಕೊಳ್ಳುವವರು ಎಷ್ಟೋ ಜನ. ಡಾರ್ಜಿಲಿಂಗ್‌ನ ಜಾಯ್‌ರೈಡ್‌ನಲ್ಲಿ ಸ್ಟೀಮ್ ಟಿಕೆಟ್ ಬೇರೆ, ಡೀಸೆಲ್ ಟಿಕೆಟ್ ಬೇರೆ, ದರವೂ ಬೇರೆ. ಅದು ಸರಿಯಾದ ಪದ್ಧತಿ. ನಿಮ್ಮಲ್ಲೂ ಟಿಕೆಟ್ ಮೇಲೇ ಯಾವ ಇಂಜಿನ್ ಎಂದು ಬರೆಯಿರಿ.

ಬೋರ್ಡ್‌ನ ಮಾತು ಹೀಗಿರಲಿ: "ಇಂದು ಸ್ಟೀಮ್ ಇಂಜಿನ್ ಓಡಲಿದೆ. ಮೊದಲ ಟ್ರಿಪ್ 11 ಗಂಟೆಯ ನಂತರ, ಇಂಜಿನ್ ಸಿದ್ಧವಾದ ಮೇಲೆ. ಇಂಜಿನ್ ಕೆಟ್ಟರೆ ಡೀಸೆಲ್ ಎಳೆಯುತ್ತದೆ. ಬೇಡವೆಂದವರಿಗೆ ಹಣ ವಾಪಸ್." ನಾಲ್ಕು ವಾಕ್ಯ ಸಾಕು. ಇದನ್ನು ಟಿಕೆಟ್ ಕೊಳ್ಳುವ ಮೊದಲು ಓದುವಂತೆ ಇಡಿ, ಕೊಂಡ ಮೇಲೆ ಕಾಣುವ ಜಾಗದಲ್ಲಿ ಅಲ್ಲ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಬೆಂಕಿಯ ಕೆಲಸಕ್ಕೆ ಸಲಿಕೆ, ಉದ್ದನೆಯ ಸಲಾಕೆ, ಕುಂಟೆ, ಟ್ಯೂಬ್ ಬ್ರಷ್, ಒಣಗಿದ ಸೌದೆ, ಹತ್ತಿ ವೇಸ್ಟ್. ಇಂಜಿನ್‌ಗೆ ಸಿಲಿಂಡರ್ ಎಣ್ಣೆ ಮತ್ತು ಬೇರಿಂಗ್ ಎಣ್ಣೆ. ಎರಡೂ ಬೇರೆ ಬೇರೆ, ಡಬ್ಬಿಗಳಿಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ. ಗೇಜ್ ಗ್ಲಾಸ್‌ನ (ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಗಾಜು) ಒಂದು ಹೆಚ್ಚುವರಿ ಕೊಳವೆ, ಅದರ ರಬ್ಬರ್ ರಿಂಗ್‌ಗಳು, ಚಕ್ರಕ್ಕೆ ಕೊಡುವ ಮರದ ಆಪುಗಳು, ಎರಡು ಬಕೆಟ್ ನೀರು, ಬೆಂಕಿ ಆರಿಸುವ ಸಾಧನ, ಸುಟ್ಟ ಗಾಯಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಬಟ್ಟೆ ಹತ್ತಿಯದೇ ಆಗಿರಲಿ. ಪಾಲಿಯೆಸ್ಟರ್ ಶರ್ಟ್‌ಗೆ ಕೆಂಡ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಲ್ಲಿದ್ದಲು ಮುಷ್ಟಿ ಗಾತ್ರಕ್ಕೆ ಒಡೆದಿರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಎಷ್ಟೋ ಗಣಿಗಳದ್ದರಲ್ಲಿ 30ರಿಂದ 45 ಶೇಕಡಾ. ಹಾಗಾಗಿ ವಿದೇಶದ ಪುಸ್ತಕ ನೋಡಿಕೊಂಡು "ಸಂಜೆ ಒಮ್ಮೆ ಬೂದಿ ತೆಗೆದರೆ ಸಾಕು" ಎಂದುಕೊಳ್ಳಬೇಡಿ.

ನೀರಿನ ಬಗ್ಗೆ ಜಾಸ್ತಿ ಯೋಚಿಸಿ. ಬೋರ್‌ವೆಲ್‌ನ ಗಡಸು ನೀರು ಬಾಯ್ಲರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಹೋಗಲು ಬಿಡುವುದಿಲ್ಲ, ಲೋಹ ಅತಿಯಾಗಿ ಕಾಯುತ್ತದೆ. ಮೆದುಗೊಳಿಸಿದ ನೀರು ಅಥವಾ ಮಳೆನೀರು ಬಳಸಿ. ಬಾಯ್ಲರ್ ತೊಳೆಯುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮುಂದೂಡಬೇಡಿ.

ಹಂತ 3: ಹಿಂದಿನ ಸಂಜೆ

ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆಯ ಬೂದಿ ತೆಗೆಯಿರಿ, ಬಾಯ್ಲರ್ ಒಳಗೆ ಬಿಸಿ ಹೊಗೆ ಸಾಗುವ ಟ್ಯೂಬ್‌ಗಳಿಗೆ ಬ್ರಷ್ ಹಾಕಿ, ಬೂದಿತಟ್ಟೆ ಖಾಲಿ ಮಾಡಿ. ಮುಚ್ಚುವಾಗ ಹೊಗೆಪೆಟ್ಟಿಗೆಯ ಬಾಗಿಲು ಬಿಗಿಯಾಗಿ ಕೂತಿದೆಯಾ ನೋಡಿ. ಅಲ್ಲಿ ಸಣ್ಣ ಸಂದಿನಿಂದ ಗಾಳಿ ಎಳೆದರೂ ಫೈರ್‌ಬಾಕ್ಸ್‌ಗೆ (ಬೆಂಕಿ ಉರಿಯುವ ಪೆಟ್ಟಿಗೆ) ಗಾಳಿಯ ಎಳೆತ ಇರುವುದಿಲ್ಲ. "ಬೆಂಕಿ ಯಾಕೋ ಹತ್ತುತ್ತಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ಟಾರ್ಚ್ ಹಿಡಿದು ಫೈರ್‌ಬಾಕ್ಸ್ ಒಳಗೆ ನೋಡಿ. ಟ್ಯೂಬ್‌ಗಳ ತುದಿಯಲ್ಲಿ ಒದ್ದೆ, ಬಿಳಿ ಗೆರೆ, ಮೇಲ್ಛಾವಣಿಯ ಫ್ಯೂಸಿಬಲ್ ಪ್ಲಗ್ ಸುತ್ತ ಕಲೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ನೀರು ಕಡಿಮೆಯಾಗಿ ಛಾವಣಿ ಅತಿಯಾಗಿ ಕಾದರೆ ಆ ಪ್ಲಗ್‌ನ ಮೆತ್ತನೆಯ ಲೋಹ ಕರಗಿ ಉಗಿ ಒಳಗೆ ನುಗ್ಗುತ್ತದೆ. ಅದು ಕೊನೆಯ ಎಚ್ಚರಿಕೆ ಗಂಟೆ. ಅದನ್ನೇ ನೆಚ್ಚಿಕೊಂಡು ಕೆಲಸ ಮಾಡುವಂತಿಲ್ಲ.

ಹಂತ 4: ಬೆಂಕಿಗೆ ಮೊದಲು ನೀರು

ಬೆಳಿಗ್ಗೆ ಶೆಡ್‌ಗೆ ಬಂದ ಕೂಡಲೇ ಈ ಕ್ರಮ ಹಿಡಿಯಿರಿ. ಕೈ ಬ್ರೇಕ್ ಬಿಗಿ. ಚಕ್ರಕ್ಕೆ ಆಪು. ರೆಗ್ಯುಲೇಟರ್ (ಸಿಲಿಂಡರ್‌ಗೆ ಉಗಿ ಬಿಡುವ ವಾಲ್ವ್) ಮುಚ್ಚಿದೆ. ರಿವರ್ಸರ್ (ಮುಂದೆ, ಹಿಂದೆ ಹೋಗುವ ದಿಕ್ಕು ಬದಲಿಸುವ ಹಿಡಿ) ನಡುವಿನಲ್ಲಿದೆ. ಸಿಲಿಂಡರ್‌ನ ಡ್ರೈನ್ ಕಾಕ್‌ಗಳು (ಒಳಗಿನ ನೀರು ಹೊರಬಿಡುವ ನಲ್ಲಿಗಳು) ತೆರೆದಿವೆ. ರೆಗ್ಯುಲೇಟರ್ ಸ್ವಲ್ಪ ಸೋರಿದರೂ ಇಂಜಿನ್ ತನ್ನಷ್ಟಕ್ಕೆ ಚಲಿಸದಿರಲು ಈ ಐದೂ ಬೇಕು.

ಆಮೇಲೆ ಗೇಜ್ ಗ್ಲಾಸ್. ಅರ್ಧ ಗ್ಲಾಸ್ ನೀರಿದ್ದರೆ ಸಾಕು, ಕಾದಂತೆ ನೀರು ಹಿಗ್ಗಿ ಮಟ್ಟ ಏರುತ್ತದೆ. ಗ್ಲಾಸ್ ಪೂರ್ತಿ ತುಂಬಿದೆಯೋ, ಪೂರ್ತಿ ಖಾಲಿಯೋ ಎಂದು ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ, ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಎಷ್ಟೋ ಇಂಜಿನ್‌ಗಳಲ್ಲಿ ಗ್ಲಾಸ್‌ನ ಹಿಂದೆ ಓರೆ ಗೆರೆಗಳ ಫಲಕ ಇರುತ್ತದೆ. ಬರೀ ಉಗಿ ಅಥವಾ ಗಾಳಿ ಇರುವ ಕಡೆ ಗೆರೆಗಳು ಇದ್ದ ಹಾಗೇ ಕಾಣುತ್ತವೆ, ನೀರಿರುವ ಕಡೆ ವಿರುದ್ಧ ದಿಕ್ಕಿಗೆ ವಾಲಿದಂತೆ ಕಾಣುತ್ತವೆ. ಹೊಸಬರಿಗೆ ಮೊದಲ ಪಾಠ ಇದೇ ಆಗಲಿ.

ಸುಮಾರು 20 ಪೌಂಡ್ ಒತ್ತಡ ಬಂದ ಮೇಲೆ ಗ್ಲಾಸ್ ಪರೀಕ್ಷೆ ಮಾಡಿ. ಮೇಲಿನ ಉಗಿ ಕಾಕ್ ಮುಚ್ಚಿ, ಕೆಳಗಿನ ಡ್ರೈನ್ ತೆರೆಯಿರಿ: ನೀರು ರಭಸವಾಗಿ ಬರಬೇಕು. ಈಗ ಉಗಿ ಕಾಕ್ ತೆರೆದು ನೀರಿನ ಕಾಕ್ ಮುಚ್ಚಿ: ಬರೀ ಉಗಿ ಬುಸುಗುಟ್ಟಬೇಕು. ಡ್ರೈನ್ ಮುಚ್ಚಿ, ಎರಡೂ ಕಾಕ್ ತೆರೆಯಿರಿ. ನೀರು ಚಟ್ಟನೆ ಮೇಲೆ ಜಿಗಿದು ತನ್ನ ಮಟ್ಟಕ್ಕೆ ಬಂದು ನಿಂತರೆ ಸರಿ. ತೆವಳಿಕೊಂಡು ಏರಿದರೆ ದಾರಿಯಲ್ಲಿ ಕಸ ಕಟ್ಟಿದೆ, ಆ ಗ್ಲಾಸ್ ಸುಳ್ಳು ಹೇಳುತ್ತಿದೆ. ಎರಡು ಗ್ಲಾಸ್ ಇದ್ದರೆ ಎರಡಕ್ಕೂ ಮಾಡಿ, ಎರಡರ ಮಟ್ಟವೂ ಹೊಂದಬೇಕು. ದಿನಕ್ಕೆ ಒಮ್ಮೆ ಮಾಡಿ ಮರೆಯುವ ಕೆಲಸ ಇದಲ್ಲ, ಡ್ರೈವರ್ ಬದಲಾದಾಗಲೆಲ್ಲ ಮಾಡಬೇಕು.

ಹಂತ 5: ಬೆಂಕಿ, ನಿಧಾನವಾಗಿ

ಜಾಲರಿ ಮೇಲೆ ತೆಳುವಾಗಿ ಕಲ್ಲಿದ್ದಲು ಹಾಸಿ, ಮೇಲೆ ಸೌದೆ ಜೋಡಿಸಿ, ಎಣ್ಣೆಯಲ್ಲಿ ಅದ್ದಿದ ಹತ್ತಿ ವೇಸ್ಟ್‌ಗೆ ಬೆಂಕಿ ಹಚ್ಚಿ ಸಲಿಕೆಯಲ್ಲಿ ಒಳಗಿಡಿ. ಪೆಟ್ರೋಲ್ ಬೇಡವೇ ಬೇಡ. ಚಿಮಣಿ ತಣ್ಣಗಿರುವಾಗ ಎಳೆತ ಇರುವುದಿಲ್ಲ, ಹೊಗೆ ಕ್ಯಾಬ್‌ಗೇ ವಾಪಸ್ ಬರುತ್ತದೆ. ಕೆಲವು ಶೆಡ್‌ಗಳಲ್ಲಿ ಚಿಮಣಿ ಮೇಲೆ ವಿದ್ಯುತ್ ಫ್ಯಾನ್ ಕೂರಿಸಿ ಎಳೆತ ಕೊಡುತ್ತಾರೆ. 20–30 ಪೌಂಡ್ ಬಂದ ಮೇಲೆ ಇಂಜಿನ್‌ನ ಸ್ವಂತ ಬ್ಲೋವರ್ (ಚಿಮಣಿಯತ್ತ ಉಗಿ ಚಿಮ್ಮಿಸಿ ಎಳೆತ ಕೊಡುವ ಸಾಧನ) ಕೆಲಸ ಮಾಡುತ್ತದೆ.

ಹಂಡೆ ಒಲೆಗೆ ಸೌದೆ ತುರುಕಿದ ಹಾಗೆ ಇಲ್ಲಿ ತುರುಕಲು ಹೋಗಬೇಡಿ. ಬಾಯ್ಲರ್‌ನ ಹೊರಕವಚ, ಫೈರ್‌ಬಾಕ್ಸ್, ಟ್ಯೂಬ್ ಎಲ್ಲವೂ ಕಾದಂತೆ ಹಿಗ್ಗುತ್ತವೆ, ಆದರೆ ಒಂದೇ ವೇಗದಲ್ಲಿ ಅಲ್ಲ. ಅವಸರದಲ್ಲಿ ಕಾಯಿಸಿದರೆ ಟ್ಯೂಬ್‌ಗಳ ತುದಿ ಸಡಿಲಾಗಿ ಸೋರಲು ಶುರು. ಆ ರಿಪೇರಿಗೆ ತಿಂಗಳುಗಟ್ಟಲೆ ಇಂಜಿನ್ ನಿಲ್ಲಬಹುದು. ಅರ್ಧ ಗಂಟೆ ಉಳಿಸಲು ಹೋಗಿ ಒಂದು ಸೀಸನ್ ಕಳೆದುಕೊಳ್ಳುವುದು ಯಾವ ಲೆಕ್ಕ? ತುಂಬಾ ದಿನ ನಿಂತಿದ್ದ ಇಂಜಿನ್‌ಗೆ ಹಿಂದಿನ ದಿನವೇ ಸಣ್ಣ ಬೆಂಕಿ ಹಾಕಿ ಬೆಚ್ಚಗೆ ಮಾಡಿಡುವುದು ಒಳ್ಳೆಯದು.

ಬೇಗ ಬಂದ ಕುಟುಂಬಗಳಿಗೆ ಈ ಹೊತ್ತನ್ನೇ ತೋರಿಸಿ. ಬೇಲಿಯ ಹೊರಗೆ ನಿಲ್ಲಿಸಿ "ಈಗ 30 ಪೌಂಡ್, ಹೊರಡಲು 120 ಬೇಕು" ಎಂದು ಹಲಗೆಯ ಮೇಲೆ ಬರೆಯುತ್ತಾ ಹೋಗಿ. ಮುಳ್ಳು ಏರುವುದು ಕಾಣುತ್ತಿದ್ದರೆ ಜನ ತಾವಾಗಿಯೇ ಕಾಯುತ್ತಾರೆ. ತಡ ಎಂದು ಕೂಗಾಡುವವರು ಹೆಚ್ಚಾಗಿ ಯಾರೂ ಏನೂ ಹೇಳದೆ ಬಿಟ್ಟವರು.

ಹಂತ 6: ಹೊರಡುವ ಮೊದಲಿನ ಪರೀಕ್ಷೆ

ಒತ್ತಡ ಏರುವಾಗ ಎಣ್ಣೆ ಹಾಕಿ ಮುಗಿಸಿ. ಬೆಂಕಿ ನೋಡಿಕೊಳ್ಳಲು ಒಬ್ಬರು ಕ್ಯಾಬ್‌ನಲ್ಲೇ ಇರಬೇಕು. ಬಾಯ್ಲರ್‌ಗೆ ನೀರು ಕೊಡುವ ಎರಡು ದಾರಿಗಳೂ ಕೆಲಸ ಮಾಡುತ್ತಿವೆ ಎಂದು ಕಣ್ಣಾರೆ ನೋಡದೆ ಶೆಡ್ ಬಿಡಬೇಡಿ.

ಉಗಿಯ ಬಲದಿಂದ ಬಾಯ್ಲರ್‌ಗೆ ನೀರು ತಳ್ಳುವ ಇಂಜೆಕ್ಟರ್ ಕೈಕೊಡುವುದು ಎಲ್ಲರ ತಲೆನೋವು. ಮೊದಲು ನೀರಿನ ವಾಲ್ವ್, ನಂತರ ಉಗಿ. ಹೊರಗಿನ ಕೊಳವೆಯಿಂದ ನೀರು ಸುರಿಯುವುದು ನಿಂತು ಒಳಗೆ ಹಾಡಿದಂಥ ಸದ್ದು ಬಂದರೆ ನೀರು ಬಾಯ್ಲರ್‌ಗೆ ಹೋಗುತ್ತಿದೆ. ಉಗಿಯೇ ಹೊರಗೆ ಬರುತ್ತಿದ್ದರೆ ಎರಡನ್ನೂ ಮುಚ್ಚಿ, ಇಂಜೆಕ್ಟರ್ ಮೇಲೆ ಒಂದು ಬಕೆಟ್ ತಣ್ಣೀರು ಸುರಿದು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಟ್ಯಾಂಕ್‌ನ ಜಾಲರಿ ನೋಡಿ, ಎಲೆಯೋ ತುಕ್ಕೋ ಕಟ್ಟಿರುತ್ತದೆ. ಇನ್ನೊಂದು ಕಾರಣ ಬಿಸಿಲು. ಬಾಯ್ಲರ್ ಮೇಲೆಯೇ ಟ್ಯಾಂಕ್ ಕೂತಿರುವ ಇಂಜಿನ್‌ಗಳಲ್ಲಿ ಏಪ್ರಿಲ್ ಮಧ್ಯಾಹ್ನ ನೀರು ಬಿಸಿಯಾಗಿಬಿಡುತ್ತದೆ. ಬಿಸಿನೀರಿನಲ್ಲಿ ಉಗಿ ಸರಿಯಾಗಿ ತಣಿದು ನೀರಾಗುವುದಿಲ್ಲ, ಇಂಜೆಕ್ಟರ್ ಹಟ ಮಾಡುತ್ತದೆ. ಟ್ಯಾಂಕ್ ಖಾಲಿಯಾಗುವವರೆಗೆ ಕಾಯದೆ ಪ್ರತಿ ಟ್ರಿಪ್‌ಗೂ ತಣ್ಣೀರು ಸೇರಿಸುತ್ತಿರಿ.

ಸೇಫ್ಟಿ ವಾಲ್ವ್ ಒಮ್ಮೆ ತನ್ನ ಒತ್ತಡಕ್ಕೆ ಸರಿಯಾಗಿ ತೆರೆಯುವುದನ್ನು ಜನ ಬರುವ ಮೊದಲೇ ನೋಡಿಬಿಡಿ. ಆಮೇಲೆ ಖಾಲಿ ಬೋಗಿಗಳೊಂದಿಗೆ ಒಂದು ಟ್ರಿಪ್. ಇದನ್ನು ಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಬಿಡಬೇಡಿ. ಬ್ರೇಕ್, ಹಳಿಯ ಮೇಲಿನ ಕಲ್ಲು, ಬೇರಿಂಗ್ ಬಿಸಿ ಎಲ್ಲ ತಿಳಿಯುವುದು ಇದರಲ್ಲೇ.

ಹಂತ 7: ಜನರನ್ನು ಹತ್ತಿಸುವುದು

ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿರುವ ಇಂಜಿನ್‌ಗಳನ್ನು ಹತ್ತಿ, ಹಿಡಿ ಎಳೆದು, ಫೋಟೋ ತೆಗೆಸಿಕೊಂಡ ಮಕ್ಕಳು ಜೀವಂತ ಇಂಜಿನ್ ಮುಂದೆಯೂ ಅದನ್ನೇ ಮಾಡಲು ಬರುತ್ತಾರೆ. ಅವರದು ತಪ್ಪಲ್ಲ. ಎರಡರ ನಡುವಿನ ವ್ಯತ್ಯಾಸ ಹೇಳಬೇಕಾದವರು ನಾವು. 100 ಪೌಂಡ್ ಒತ್ತಡದಲ್ಲಿ ಬಾಯ್ಲರ್ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಚಂದದ ಹಿತ್ತಾಳೆ ಕೊಳವೆಯೂ ಕೈ ಸುಡುತ್ತದೆ. ಬಿಳಿಯಾಗಿ ಕಾಣುವುದು ತಣಿದ ಉಗಿ. ನಿಜವಾದ ಉಗಿ ಕಣ್ಣಿಗೇ ಕಾಣುವುದಿಲ್ಲ, ಸಂದಿನಿಂದ ಹೊರಬಂದ ಮೊದಲ ಕೆಲವು ಇಂಚು ಬರೀ ಗಾಳಿಯಂತೆ ಕಾಣುತ್ತದೆ. ಎಲ್ಲಕ್ಕಿಂತ ಅಪಾಯ ಅಲ್ಲೇ.

ಸಣ್ಣ ಗೇಜಿನ ಇಂಜಿನ್‌ನಲ್ಲಿ ಸಿಲಿಂಡರ್‌ಗಳು ನೆಲಕ್ಕೆ ತೀರಾ ಹತ್ತಿರ. ಡ್ರೈನ್ ಕಾಕ್‌ನಿಂದ ಬರುವ ಬಿಸಿನೀರು ಮತ್ತು ಉಗಿ ಚಿಕ್ಕ ಮಗುವಿನ ಕಾಲಿಗೆ, ಸೊಂಟಕ್ಕೆ ನೇರ ತಾಗುತ್ತದೆ. ಇಂಜಿನ್‌ನ ಎರಡೂ ಬದಿಗೆ ಕನಿಷ್ಠ 3 ಮೀಟರ್ ಬಿಟ್ಟು ಹಗ್ಗ ಕಟ್ಟಿ. ಹೊರಡುವ ಮೊದಲು ಗಾರ್ಡ್ ಜೋರಾಗಿ ಹೇಳಲಿ: "ಈಗ ದೊಡ್ಡ ಸದ್ದು, ಬಿಳಿ ಹಬೆ ಬರುತ್ತದೆ. ಹೆದರಬೇಡಿ, ಹಿಂದೆ ನಿಲ್ಲಿ." ಮೊದಲೇ ಹೇಳಿದರೆ ಅದೇ ಹಬೆಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಹತ್ತುವ ಮೊದಲು ಇನ್ನೆರಡು ಮಾತು ಹೇಳಿ. ಮುಂದಿನ ಬೋಗಿಗೆ ಮಸಿ, ಕಿಡಿ ಬೀಳುತ್ತವೆ, ಬಿಳಿ ಬಟ್ಟೆಯವರು, ದಮ್ಮು ಇರುವವರು ಹಿಂದೆ ಕೂರಲಿ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ, ನಮ್ಮನ್ನು ಕರೆಯಿರಿ. ಟಿಕೆಟ್‌ಗೆ ಟ್ರಿಪ್ ಸಂಖ್ಯೆ ಹಾಕಿಕೊಟ್ಟರೆ ಕ್ಯೂನಲ್ಲಿ ಬಿಸಿಲಿಗೆ ನಿಲ್ಲುವುದು ತಪ್ಪುತ್ತದೆ. ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ ರೂಢಿಯಾದವರು ಟಿಕೆಟ್ ಕೊಂಡ ಕೂಡಲೇ ಕೂರಬಹುದು ಎಂದುಕೊಂಡಿರುತ್ತಾರೆ. "ನಿಮ್ಮದು 4ನೇ ಟ್ರಿಪ್, 1 ಗಂಟೆ ಸುಮಾರಿಗೆ" ಎಂದು ಕೌಂಟರ್‌ನಲ್ಲೇ ಹೇಳಬೇಕು.

ಹಂತ 8: ಓಡಿಸುವಾಗ

ಡ್ರೈನ್ ಕಾಕ್ ತೆರೆದೇ ಹೊರಡಿ. ಸಿಲಿಂಡರ್‌ನಲ್ಲಿ ಉಗಿ ತಣಿದು ನೀರಾಗಿರುತ್ತದೆ, ನೀರನ್ನು ಅದುಮಲಾಗುವುದಿಲ್ಲ. ಅದು ಹೊರಹೋಗಲು ದಾರಿ ಇಲ್ಲದಿದ್ದರೆ ಸಿಲಿಂಡರ್‌ನ ಮುಚ್ಚಳವೇ ಒಡೆಯಬಹುದು.

ಕಲ್ಲಿದ್ದಲು ಸ್ವಲ್ಪ ಸ್ವಲ್ಪ, ಪದೇ ಪದೇ. ಕಣ್ಣು ಚಿಮಣಿ ಮೇಲಿರಲಿ. ಒಂದು ಸಲಿಕೆ ಹಾಕಿದಾಗ ಬೂದುಬಣ್ಣದ ಹೊಗೆ ಬಂದು, ಸ್ವಲ್ಪ ಹೊತ್ತಿಗೆ ತಿಳಿಯಾಗಬೇಕು. ತಿಳಿಯಾದ ಮೇಲೆ ಮುಂದಿನ ಸಲಿಕೆ. ಕಪ್ಪು ಹೊಗೆ ಏಳುತ್ತಲೇ ಇದ್ದರೆ ಕಲ್ಲಿದ್ದಲು ಜಾಸ್ತಿಯಾಗಿದೆ, ಗಾಳಿ ಸಾಲುತ್ತಿಲ್ಲ. ಫೋಟೋ ತೆಗೆಯುವವರು "ಇನ್ನೂ ಹೊಗೆ ಬಿಡಿ ಸಾರ್" ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಇಲ್ಲ ಎನ್ನಿ. ಅವರಿಗೆ ಬೇಕಾದ ಬಿಳಿ ಮೋಡ ಚಳಿಗಾಲದ ಬೆಳಗಿನ ಮೊದಲ ಟ್ರಿಪ್‌ನಲ್ಲಿ ತಾನಾಗಿಯೇ ಸಿಗುತ್ತದೆ, ಆ ಟ್ರಿಪ್‌ಗೆ ಬರಲು ಹೇಳಿ.

ರೆಗ್ಯುಲೇಟರ್ ಮುಚ್ಚುವ ಮೊದಲು ಬ್ಲೋವರ್ ತೆರೆಯಿರಿ. ಈ ಕ್ರಮ ಎಂದೂ ತಪ್ಪಬಾರದು. ಓಡುವಾಗ ಚಿಮಣಿಯಿಂದ ಚಿಮ್ಮುವ ಉಗಿಯೇ ಬೆಂಕಿಗೆ ಎಳೆತ ಕೊಡುತ್ತದೆ. ರೆಗ್ಯುಲೇಟರ್ ಮುಚ್ಚಿದೊಡನೆ ಆ ಎಳೆತ ನಿಲ್ಲುತ್ತದೆ, ಬೆಂಕಿ ಬಾಗಿಲಿನಿಂದ ಹೊರಗೆ, ಕ್ಯಾಬ್‌ನಲ್ಲಿರುವವರ ಮೇಲೆ ಬರಬಹುದು. ಅದಕ್ಕೇ ಕ್ಯಾಬ್‌ನಲ್ಲಿ ಅತಿಥಿಗಳನ್ನು ಓಡುವಾಗ ಹತ್ತಿಸಬೇಡಿ. ಇಂಜಿನ್ ನಿಂತಾಗ, ಬೆಂಕಿ ಬಾಗಿಲು ಮುಚ್ಚಿದಾಗ, ಒಬ್ಬೊಬ್ಬರನ್ನೇ ಹತ್ತಿಸಿ ತೋರಿಸಿ.

ಏರಿನಲ್ಲಿ ಗ್ಲಾಸ್ ಮೋಸ ಮಾಡುತ್ತದೆ. ಚಿಮಣಿ ಮುಂದಾಗಿ ಏರುವಾಗ ನೀರು ಹಿಂದಕ್ಕೆ ಸರಿದು ಗ್ಲಾಸ್‌ನಲ್ಲಿ ಜಾಸ್ತಿ ಕಾಣುತ್ತದೆ. ಏರು ಮುಗಿದು ಇಳಿಯತೊಡಗಿದರೆ ಅದೇ ನೀರು ಮುಂದಕ್ಕೆ ಹರಿದು ಫೈರ್‌ಬಾಕ್ಸ್ ಛಾವಣಿ ಬರಿದಾಗಬಹುದು. ಆದ್ದರಿಂದ ಏರಿನ ತುದಿಗೆ ಮೊದಲೇ ಸಾಕಷ್ಟು ನೀರು ಕೊಟ್ಟಿರಬೇಕು. ಹಾಗೆಂದು ಗ್ಲಾಸ್ ತುಂಬಾ ತುಂಬಿಸಿದರೆ ಉಗಿಯ ಜೊತೆ ನೀರೂ ಸಿಲಿಂಡರ್‌ಗೆ ಹೋಗುತ್ತದೆ, ಚಿಮಣಿಯಿಂದ ಕೊಳಕು ನೀರು ಜನರ ಮೇಲೆ ಮಳೆಯಂತೆ ಬೀಳುತ್ತದೆ. ಆಗ ರೆಗ್ಯುಲೇಟರ್ ತಗ್ಗಿಸಿ, ಡ್ರೈನ್ ಕಾಕ್ ತೆರೆಯಿರಿ.

ಹಂತ 9: ಎಚ್ಚರಿಕೆಯ ಚಿಹ್ನೆಗಳು, ನಿಲ್ಲಿಸುವ ನಿರ್ಧಾರ

ಗ್ಲಾಸ್‌ನಲ್ಲಿ ನೀರು ಕಾಣಿಸುತ್ತಿಲ್ಲ, ಪರೀಕ್ಷೆ ಮಾಡಿದರೂ ಮಟ್ಟ ಗೊತ್ತಾಗುತ್ತಿಲ್ಲ ಎಂದರೆ ಚರ್ಚೆ ಬೇಡ. ರೈಲು ನಿಲ್ಲಿಸಿ, ಜನರನ್ನು ದೂರ ಕಳಿಸಿ, ಬೆಂಕಿ ಕೆಡಿಸಿ. ಒದ್ದೆ ಮಾಡಿದ ಕಲ್ಲಿದ್ದಲು ಪುಡಿ ಅಥವಾ ಮಣ್ಣು ಹಾಕಿ ಬೆಂಕಿ ಹೂಳಿ. ಫೈರ್‌ಬಾಕ್ಸ್‌ಗೆ ಪೈಪ್‌ನಿಂದ ನೀರು ಹೊಡೆಯಬೇಡಿ. ಅತಿಯಾಗಿ ಕಾದಿರಬಹುದಾದ ಬಾಯ್ಲರ್‌ಗೆ ತಣ್ಣೀರು ತುಂಬಲೂ ಹೋಗಬೇಡಿ. ತಪಾಸಣೆಯಾಗದೆ ಅದಕ್ಕೆ ಮತ್ತೆ ಬೆಂಕಿ ಇಲ್ಲ.

ಒತ್ತಡ ನಿಧಾನವಾಗಿ ಇಳಿಯುತ್ತಲೇ ಇದ್ದರೆ ಮೊದಲು ಕಿಟ್ಟ ಕಟ್ಟಿದೆಯಾ ನೋಡಿ. ಬೂದಿ ಕರಗಿ ಜಾಲರಿ ಮೇಲೆ ಹಲಗೆಯಂತೆ ಕೂತು ಗಾಳಿ ತಡೆಯುತ್ತದೆ. ಬೆಂಕಿಯ ಮಧ್ಯೆ ಕಪ್ಪು ತೇಪೆ ಕಂಡರೆ ಅದೇ. ಸಲಾಕೆಯಿಂದ ಎಬ್ಬಿಸಿ ಹೊರತೆಗೆಯಲು 15–20 ನಿಮಿಷ ಬೇಕು. ಒಂದು ಟ್ರಿಪ್ ರದ್ದು ಮಾಡಿ, ಕಾರಣ ಹೇಳಿ, ಕೆಲಸ ಮಾಡಿ. ಸೇಫ್ಟಿ ವಾಲ್ವ್ ತೆರೆದು ಮುಚ್ಚದೆ ಉಳಿದರೆ, ಬೇರಿಂಗ್ ಕೈ ಇಡಲಾಗದಷ್ಟು ಬಿಸಿಯಾದರೆ, ಎರಡು ನೀರಿನ ದಾರಿಗಳಲ್ಲಿ ಒಂದು ನಿಂತರೆ ಆ ದಿನದ ಸ್ಟೀಮ್ ಮುಗಿಯಿತು.

ರದ್ದಾದಾಗ ಮೈಕ್‌ನಲ್ಲಿ "ತಾಂತ್ರಿಕ ಕಾರಣ" ಎನ್ನಬೇಡಿ. "ಬಾಯ್ಲರ್‌ಗೆ ನೀರು ಕೊಡುವ ಒಂದು ಸಾಧನ ನಿಂತಿದೆ, ಅದಿಲ್ಲದೆ ಓಡಿಸುವುದು ಸುರಕ್ಷಿತವಲ್ಲ. ಡೀಸೆಲ್ 20 ನಿಮಿಷದಲ್ಲಿ ಬರುತ್ತದೆ, ಬೇಡವಾದವರಿಗೆ ಇಲ್ಲೇ ಹಣ ವಾಪಸ್" ಎನ್ನಿ. ಹಣ ಅಲ್ಲೇ, ತಕ್ಷಣ ಕೊಡಿ. ಅರ್ಜಿ, ಸಹಿ, ಮ್ಯಾನೇಜರ್ ಎಂದು ಓಡಾಡಿಸಬೇಡಿ. ಈ ಘೋಷಣೆಯನ್ನು ಡ್ರೈವರ್ ಕೈಯಲ್ಲಿ ಮಾಡಿಸಬೇಡಿ, ಅವರ ಗಮನ ಬಾಯ್ಲರ್ ಮೇಲಿರಲಿ. ನಿಲ್ಲಿಸುವ ಅಧಿಕಾರ ಮಾತ್ರ ಡ್ರೈವರ್‌ಗೇ ಇರಲಿ. ಮುಖ್ಯ ಅತಿಥಿ ಬಂದಿದ್ದಾರೆ ಎಂಬ ಕಾರಣಕ್ಕೆ ಯಾರೂ ಅದನ್ನು ತಳ್ಳಿಹಾಕುವಂತಿರಬಾರದು.

ಹಂತ 10: ಸಂಜೆಯ ಕೆಲಸ

ಕೊನೆಯ ಟ್ರಿಪ್ ಮ್ಯೂಸಿಯಂ ಮುಚ್ಚುವ ಸಮಯಕ್ಕಲ್ಲ, ಅದಕ್ಕಿಂತ ಒಂದೂವರೆ ಗಂಟೆ ಮೊದಲು. ಆ ಟ್ರಿಪ್‌ನಲ್ಲೇ ಬೆಂಕಿ ಇಳಿಸುತ್ತಾ ಬನ್ನಿ. ಶೆಡ್‌ಗೆ ಬಂದು ಬಾಯ್ಲರ್‌ಗೆ ಗ್ಲಾಸ್‌ನ ಮೇಲ್ಭಾಗದವರೆಗೆ ನೀರು ತುಂಬಿಸಿ, ತಣಿದಂತೆ ಮಟ್ಟ ಇಳಿಯುತ್ತದೆ. ಬೂದಿಯನ್ನು ಕಬ್ಬಿಣದ ಗಾಡಿಗೆ ತೆಗೆದು, ಒದ್ದೆ ಮಾಡಿ, ಒಣ ಹುಲ್ಲಿನಿಂದ ದೂರ ಹಾಕಿ. ಹೊರಗೆ ತಣ್ಣಗೆ ಕಂಡರೂ ಒಳಗಿನ ಕೆಂಡ ಮರುದಿನವೂ ಜೀವಂತ ಇರಬಹುದು. ಕೈ ಬ್ರೇಕ್, ಆಪು, ರಿವರ್ಸರ್ ನಡುವೆ, ಡ್ರೈನ್ ಕಾಕ್ ತೆರೆದು, ಚಿಮಣಿ ಮುಚ್ಚಿ. ಬಾಯ್ಲರ್ ತಾನಾಗಿಯೇ ತಣಿಯಲಿ.

ಮನೆಗೆ ಹೋಗುವ ಮೊದಲು ಲಾಗ್ ಪುಸ್ತಕ. ಬೆಂಕಿ ಹಚ್ಚಿದ್ದು ಎಷ್ಟೊತ್ತಿಗೆ, ಹೊರಡುವ ಒತ್ತಡ ಬಂದಿದ್ದು ಎಷ್ಟೊತ್ತಿಗೆ, ಎಷ್ಟು ಕಲ್ಲಿದ್ದಲು, ಎಷ್ಟು ನೀರು, ಎಷ್ಟು ಟ್ರಿಪ್ ಹೇಳಿದ್ದು, ಎಷ್ಟು ಆದದ್ದು, ಎಷ್ಟು ಜನ ಹಣ ವಾಪಸ್ ಪಡೆದರು, ಏನು ಕೇಳಿ ಬೇಸರಪಟ್ಟರು. ಇಂಜಿನ್‌ನ ಸಾಲು, ಜನರ ಸಾಲು ಒಂದೇ ಪುಟದಲ್ಲಿ ಇರಲಿ. ಮುಂದಿನ ಸ್ಟೀಮ್ ದಿನದ ಬೋರ್ಡ್ ಬರೆಯುವವರು ಈ ಪುಟ ನೋಡಿಕೊಂಡೇ ಸಮಯ ಹಾಕಬೇಕು.